ಪಂಪ್‌ಹೌಸಲ್ಲಿ ಕೂತು ಸಿನಿಮಾ ನೋಡಿದ್ದು ನಾನು, ನನ್ನ ಮಗನಲ್ಲ



ಈ ವಾರ ಡ್ರಿಪ್ ಲ್ಯಾಟರಲ್‌ನಲ್ಲಿ ಕಟ್ಟೋ ಉಪ್ಪಿನ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ಸಲ ನಾನು ಮಾಡಿದ ಒಂದು ತಪ್ಪನ್ನ ಬರೆಯಬೇಕಾಗಿದೆ. ಊರಲ್ಲಿ ಅರ್ಧ ಜನಕ್ಕೆ ವಿಷಯ ಆಗಲೇ ಗೊತ್ತು. ಆದರೆ ಚಹಾದಂಗಡೀಲಿ ಒಬ್ಬೊಬ್ಬರು ಒಂದೊಂದು ಥರ ಹೇಳ್ತಿದ್ದಾರೆ. "ಹುಡುಗ ಗೇಮ್ ಆಡ್ತಾ ಕೂತಿದ್ದ, ಮೋಟ್ರು ಕಡೆ ಗಮನ ಇರಲಿಲ್ಲ, ಪಕ್ಕದವರ ಜೋಳ ನೆನೀತು" ಅಂತಲೂ ಮಾತು ಓಡಾಡ್ತಿದೆ. ಅದು ಸುಳ್ಳು. ಹುಡುಗ ಆ ರಾತ್ರಿ ಮನೇಲಿ ಮಲಗಿದ್ದ. ಅದಕ್ಕೇ ಇಷ್ಟುದ್ದ ಬರೀತಿದೀನಿ, ಪೂರ್ತಿ ಓದ್ರಿ.

ಮೊದಲು ಆ ಯಂತ್ರ ಏನು ಅಂತ ಹೇಳ್ತೀನಿ, ಯಾಕಂದ್ರೆ ಬಹಳ ಜನ ಕೇಳಿದ್ರು. ಅಮೆರಿಕದಲ್ಲಿರೋ ನನ್ನ ತಮ್ಮ ಹೋದ ವರ್ಷ ಊರಿಗೆ ಬಂದಾಗ ಒಂದು ನಿಂಟೆಂಡೊ ಸ್ವಿಚ್ ತಂದು ನನ್ನ ಮಗನಿಗೆ ಕೊಟ್ಟ. ಕೈಯಲ್ಲಿ ಹಿಡಿದು ಆಡೋ ಗೇಮಿನ ಡಬ್ಬಿ. ಎರಡು ಕಡೆ ಗುಂಡಿ, ಮಧ್ಯ ಪರದೆ. 2025ರ ಜೂನ್‌ನಲ್ಲಿ ಸ್ವಿಚ್ 2 ಅಂತ ಹೊಸದು ಬಂತಲ್ಲ, ತಮ್ಮನ ಮಗ ಅದನ್ನ ಕೊಡಿಸಿಕೊಂಡ, ಹಳೇದು ನಮ್ಮನೆಗೆ ಬಂತು. ಹಳೇದು ಅಂದ್ರೆ 2021ರಲ್ಲಿ ಬಂದ ಓಎಲ್ಇಡಿ ಪರದೆಯದ್ದು. ನಮ್ಮ ದೇಶದಲ್ಲಿ ಈ ಕಂಪನಿ ತಾನೇ ಅಂಗಡಿ ಇಟ್ಟು ಮಾರೋದಿಲ್ಲ, ಹೊರಗಿಂದ ತರಿಸಿದ್ದೇ ಸಿಗೋದು. ಹಂಗಾಗಿ ನಮ್ಮ ಕಡೆ ಇದನ್ನ ನೋಡಿದವರು ಕಮ್ಮಿ.

ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ದಸರಾ ರಜೆ ಮುಗಿಯೋವರೆಗೂ ನಾನು ಏನೂ ಅನ್ನಲಿಲ್ಲ. ಅರ್ಧವಾರ್ಷಿಕದಲ್ಲಿ ಗಣಿತ ಕೈಕೊಟ್ಟಿತು. ಒಂದು ರಾತ್ರಿ ಕಂಬಳಿಯೊಳಗೆ ಬೆಳಕು ಕಂಡಿತು. ಎಳೆದು ನೋಡಿದ್ರೆ ಗೇಮ್ ಅಲ್ಲ, ಅದರಲ್ಲಿ ಯೂಟ್ಯೂಬ್ ಹಾಕ್ಕೊಂಡು ಕ್ರಿಕೆಟ್ ನೋಡ್ತಿದ್ದ. ನನಗೆ ಸಿಟ್ಟು ಬಂತು. "ಇದೇ ನಿನ್ನನ್ನ ಹಾಳು ಮಾಡೋದು" ಅಂದು ಕಿತ್ಕೊಂಡೆ. ಪರೀಕ್ಷೆ ಮುಗಿಯೋವರೆಗೂ ಕೇಳಬೇಡ ಅಂದೆ. ಅವನು ಮಾತಾಡಲಿಲ್ಲ. ಚಾರ್ಜರನ್ನೂ ತಂದು ನನ್ನ ಕೈಗೆ ಕೊಟ್ಟ. ಆ ಚಾರ್ಜರ್ ಕೊಟ್ಟ ರೀತಿ ನನಗೆ ಈಗ ನೆನಪಾದ್ರೆ ಒಂಥರಾ ಆಗುತ್ತೆ.

ಕಿತ್ಕೊಂಡ ವಸ್ತುನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ರೆ ಈ ಕಥೆನೇ ಇರ್ತಿರಲಿಲ್ಲ.

ನಮ್ಮ ಫೀಡರಿಗೆ ಆಗ ತ್ರೀ ಫೇಸ್ ಬರ್ತಿದ್ದದ್ದು ರಾತ್ರಿ 10ರಿಂದ 2. ನಿಮಗೆ ನಾನು ಹೇಳಬೇಕಾಗಿಲ್ಲ, ನಾಲ್ಕು ತಾಸು ಒಬ್ಬನೇ ಪಂಪ್‌ಹೌಸಲ್ಲಿ ಕೂರೋದು ಹೆಂಗಿರುತ್ತೆ ಅಂತ. ತೋಟದ ಮೇಲಿನ ಭಾಗಕ್ಕೆ ಎರಡು ತಾಸು, ಆಮೇಲೆ ವಾಲ್ವ್ ತಿರುಗಿಸಿ ಕೆಳಗಿನ ಭಾಗಕ್ಕೆ ಎರಡು ತಾಸು. ನಿದ್ದೆ ಬರಬಾರದು, ಮಾಡೋಕೆ ಕೆಲಸಾನೂ ಇಲ್ಲ. ಫೋನ್ ನೋಡಿದ್ರೆ ಕಣ್ಣು ಉರಿ, ಮೇಲಿಂದ ಮೇಲೆ ಗುಂಪುಗಳ ಮೆಸೇಜು. ಒಂದಿನ ಮಗನ ಡಬ್ಬಿ ಜೋಳಿಗೆಗೆ ಹಾಕ್ಕೊಂಡು ಹೋದೆ. ಎಲೆಚುಕ್ಕಿ ರೋಗದ ಬಗ್ಗೆ ಒಂದೆರಡು ವಿಡಿಯೋ ನೋಡೋಣ ಅಂತ. ನಿಜವಾಗಿ ಹಂಗೇ ಅಂದ್ಕೊಂಡಿದ್ದೆ.

ನೋಡಿದ್ಮೇಲೆ ಗೊತ್ತಾಯ್ತು, ಬಹಳ ಅನುಕೂಲ ಇದೆ. ಪರದೆ 7 ಇಂಚು. 720 ಅಂತಾರಲ್ಲ, ಅಷ್ಟು ಸ್ಪಷ್ಟ. ದೊಡ್ಡ ಟಿವಿಗೆ ಹೋಲಿಸಿದ್ರೆ ಕಮ್ಮಿ, ಅಂಗೈ ದೂರದಲ್ಲಿ ನೋಡೋಕೆ ಧಾರಾಳ ಸಾಕು. ಓಎಲ್ಇಡಿ ಆದ್ದರಿಂದ ಕಪ್ಪು ಅಂದ್ರೆ ಕಪ್ಪೇ, ಕತ್ತಲಲ್ಲಿ ಕಣ್ಣಿಗೆ ಹೊಡೆಯಲ್ಲ. ಹಿಂದೆ ಅಗಲವಾದ ಸ್ಟ್ಯಾಂಡ್ ಇದೆ, ಗೊಬ್ಬರದ ಚೀಲದ ಮೇಲೂ ನಿಲ್ಲುತ್ತೆ. ಕರೆ ಬರಲ್ಲ, ವಾಟ್ಸಾಪ್ ಇಲ್ಲ. ಕಂಪನಿಯವರು 4.5ರಿಂದ 9 ತಾಸು ಬ್ಯಾಟರಿ ಅಂತ ಹೇಳ್ತಾರೆ, ನನ್ನ ಪಾಳಿ ಮುಗಿದು ಮನೆಗೆ ಬಂದಾಗಲೂ ಚಾರ್ಜ್ ಉಳಿದಿರ್ತಿತ್ತು. ಪಂಪ್‌ಹೌಸಿನ ಕರೆಂಟಿಗೆ ಮಾತ್ರ ಯಾವತ್ತೂ ಚಾರ್ಜಿಗೆ ಹಾಕಲಿಲ್ಲ. ನಮ್ಮ ವೋಲ್ಟೇಜ್ ನಿಮಗೆ ಗೊತ್ತಲ್ಲ.

ತೊಂದರೆಗಳೂ ಇದಾವೆ. ಇದರಲ್ಲಿ ಸಿಮ್ ಇಲ್ಲ, ಫೋನಿನ ಹಾಟ್‌ಸ್ಪಾಟ್ ಬೇಕು. ಫೋನಿನಲ್ಲಿ ಮಾಡೋ ಹಂಗೆ ಮನೇಲಿ ವಿಡಿಯೋ ಡೌನ್‌ಲೋಡ್ ಮಾಡಿ ತೋಟದಲ್ಲಿ ನೋಡೋಕೆ ಬರಲ್ಲ, ಇದರ ಯೂಟ್ಯೂಬ್ ಟಿವಿಯಲ್ಲಿ ಇರೋ ಥರದ್ದು. ನನ್ನ ಲೆಕ್ಕದಲ್ಲಿ ಒಂದು ತಾಸಿಗೆ ಹತ್ತಿರ ಹತ್ತಿರ 1 ಜಿಬಿ ಕುಡಿಯುತ್ತೆ. ದಿನದ 2 ಜಿಬಿ ಎರಡು ತಾಸಿಗೆ ಖಾಲಿ. ಯಂತ್ರದ ಭಾಷೆಗಳಲ್ಲಿ ಕನ್ನಡ ಇಲ್ಲ, ಮೈಕೂ ಇಲ್ಲ. ಫೋನಿಗೆ ಹೇಳೋ ಹಂಗೆ "ಅಡಿಕೆ ಎಲೆಚುಕ್ಕಿ" ಅಂತ ಬಾಯಲ್ಲಿ ಹೇಳಿದ್ರೆ ಕೇಳಿಸ್ಕೊಳ್ಳಲ್ಲ. ಗುಂಡಿ ಒತ್ತಿ ಒತ್ತಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಬೇಕು. ಇದಕ್ಕೆ ನಾನೊಂದು ಉಪಾಯ ಕಂಡ್ಕೊಂಡೆ. ಹಗಲು ಫೋನಿನಲ್ಲಿ ಬಾಯಿಂದ ಹುಡುಕಿ, ಬೇಕಾದ್ದನ್ನ ವಾಚ್ ಲೇಟರ್ ಪಟ್ಟಿಗೆ ಹಾಕಿಡೋದು. ಎರಡರಲ್ಲೂ ಒಂದೇ ಖಾತೆ ಇದ್ರೆ ರಾತ್ರಿ ಆ ಪಟ್ಟಿ ಇದರಲ್ಲೂ ಕಾಣುತ್ತೆ.

ಬೇರೆ ಆ್ಯಪ್‌ಗಳ ಬಗ್ಗೆ ತಮ್ಮನ್ನ ಕೇಳಿದ್ದೆ. ಅವನು ಹೇಳಿದ್ದು ಕೇಳಿ ನಂಗೆ ಆಶ್ಚರ್ಯ ಆಯ್ತು. ಈ ಸ್ವಿಚ್ ಬಂದದ್ದು 2017ರ ಮಾರ್ಚ್‌ನಲ್ಲಿ. ಅಮೆರಿಕದಲ್ಲಿ ಹುಲು ಅನ್ನೋದು ಅದೇ ನವೆಂಬರ್‌ನಲ್ಲಿ ಬಂತು, ಯೂಟ್ಯೂಬ್ ಬಂದದ್ದು 2018ರ ನವೆಂಬರ್‌ನಲ್ಲಿ. ನೆಟ್‌ಫ್ಲಿಕ್ಸ್ ಈ ಯಂತ್ರಕ್ಕೆ ಬರಲೇ ಇಲ್ಲ. ಟ್ವಿಚ್ ಅಂತ ಒಂದು 2021ರಲ್ಲಿ ಬಂತು, 2024ರ ಜನವರಿ ಕೊನೆಗೆ ಅದನ್ನ ನಿಲ್ಲಿಸಿಬಿಟ್ರು. ಇದಕ್ಕಿಂತ ಹಿಂದಿನ 3ಡಿಎಸ್ ಅನ್ನೋ ಡಬ್ಬೀಲಿ ನೆಟ್‌ಫ್ಲಿಕ್ಸ್ ಇತ್ತು, 2021ರ ಜೂನ್‌ಗೆ ಅದೂ ನಿಂತಿತು. ಡಬ್ಬಿ ಚೆನ್ನಾಗೇ ಇರುತ್ತೆ, ಒಳಗಿನ ಆ್ಯಪ್ ಎಲ್ಲೋ ಇರೋರು ತೀರ್ಮಾನ ಮಾಡಿದ ದಿನ ಮುಚ್ಚಿಹೋಗುತ್ತೆ. ಹಂಗಾಗಿ ಯಾರಾದ್ರೂ ಬರೀ ವಿಡಿಯೋ ನೋಡೋಕೆ ಇದನ್ನ ತಗೋಬೇಕು ಅಂತಿದ್ರೆ ಬೇಡ ಅಂತೀನಿ. ಆ ದುಡ್ಡಿಗೆ ಒಳ್ಳೇ ಟ್ಯಾಬ್ ಬರುತ್ತೆ. ಗೇಮಿನ ಜೊತೆ ಸಿಕ್ಕಿದ್ದು ಅನ್ನೋ ಹಂಗೆ ಇದ್ರೆ ಸರಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಮೊದಲ ಎರಡು ರಾತ್ರಿ ಎಲೆಚುಕ್ಕಿ ರೋಗನೇ ನೋಡಿದೆ. ಮೂರನೇ ರಾತ್ರಿ ಯಾರೋ ಜಪಾನಿನಲ್ಲಿ ಭತ್ತ ನಾಟಿ ಮಾಡೋ ಮಿಷನ್. ಆಮೇಲೆ ಹಳೇ ಲೇತ್ ಮಿಷನ್ ರಿಪೇರಿ. ಆಮೇಲೆ ಹಳೇ ಕನ್ನಡ ಸಿನಿಮಾ. ಒಂದು ಮುಗಿದ್ರೆ ಇನ್ನೊಂದು ತಾನಾಗೇ ಶುರುವಾಗುತ್ತೆ. ಅದನ್ನ ಸೆಟ್ಟಿಂಗಿನಲ್ಲಿ ಆಟೋಪ್ಲೇ ಅನ್ನೋ ಕಡೆ ಆರಿಸಬಹುದು, ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ರೂ ಆರಿಸ್ತಿರಲಿಲ್ಲ ಅನ್ಸುತ್ತೆ. ಹಗಲು ಊಟ ಮಾಡೋವಾಗಲೇ ರಾತ್ರಿ ಏನು ನೋಡೋದು ಅನ್ನೋ ಯೋಚನೆ ಬರೋಕೆ ಶುರುವಾಯ್ತು. ಮೊದಲು ಕರೆಂಟು ರಾತ್ರಿ ಕೊಡ್ತಾರೆ ಅಂತ ಬೈತಿದ್ದವನು ನಾನು. ಒಂದು ದಿನ ತ್ರೀ ಫೇಸ್ ಹಗಲಿಗೆ ಬಂದಾಗ ಬೇಜಾರಾಯ್ತು ಅಂದ್ರೆ ನೀವೇ ತಿಳ್ಕೊಳ್ರಿ.

ಹಿಂಗೆ ಮೂರು ವಾರ ಆಗಿರಬೇಕು. ಒಂದು ಭಾನುವಾರ ಬೆಳಿಗ್ಗೆ ತಮ್ಮ ಫೋನ್ ಮಾಡಿದ. ಆ ಯಂತ್ರಕ್ಕೆ ಪೇರೆಂಟಲ್ ಕಂಟ್ರೋಲ್ಸ್ ಅಂತ ಒಂದು ಆ್ಯಪ್ ಇದೆ. ಅಪ್ಪ ಅಮ್ಮನ ಫೋನಿನಲ್ಲಿ ಇರುತ್ತೆ. ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಏನು ಆಡಿದ್ರು ಅಂತ ಅದರಲ್ಲಿ ಬೀಳುತ್ತೆ. ತಮ್ಮ ಅವನ ಮಗನಿಗೋಸ್ಕರ ಹಾಕಿದ್ದು, ನಮಗೆ ಕೊಡೋವಾಗ ತೆಗೆಯೋಕೆ ಮರೆತಿದ್ದ. ನಾನು ಚನ್ನಗಿರಿ ಸೀಮೆಯ ಪಂಪ್‌ಹೌಸಲ್ಲಿ ಹಾಟ್‌ಸ್ಪಾಟ್ ಹಾಕಿ ನೋಡಿದ್ದೆಲ್ಲ ಅಮೆರಿಕದಲ್ಲಿ ಅವನ ಫೋನಿಗೆ ಹೋಗಿ ಲೆಕ್ಕ ಆಗ್ತಿತ್ತು.

"ಅಣ್ಣಾ, ಹುಡುಗ ದಿನಾ ಎರಡು ಎರಡೂವರೆ ತಾಸು ಯೂಟ್ಯೂಬ್ ನೋಡ್ತಿದಾನೆ ಅಂತ ತೋರಿಸ್ತಿದೆ. ಎಸ್ಸೆಸ್ಸೆಲ್ಸಿ ವರ್ಷ. ನಾನೇ ಕೊಟ್ಟು ತಪ್ಪು ಮಾಡಿದ್ನೇನೋ ಅನ್ಸುತ್ತೆ. ಸ್ವಲ್ಪ ಹೇಳು ಅವನಿಗೆ" ಅಂದ.

ಫೋನ್ ಸ್ಪೀಕರಿನಲ್ಲಿತ್ತು. ಮಗ ಅಲ್ಲೇ ಜಗಲಿ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡ್ತಿದ್ದ. ಕೈ ನಿಲ್ಲಿಸಿ ನನ್ನ ಕಡೆ ನೋಡಿದ.

ನಾನು "ಹೂಂ, ಹೇಳ್ತೀನಿ" ಅಂದೆ.

ಅಷ್ಟೇ. ಎರಡೇ ಮಾತು. ಮಗ ತಿರುಗಿ ಎಣ್ಣೆ ಬಿಡೋಕೆ ಶುರು ಮಾಡಿದ. ಆಮೇಲೆ ಅವನಿಗೆ ಏನಾದ್ರೂ ಹೇಳೋಣ ಅಂದ್ಕೊಂಡೆ, ನಗ್ತಾ ಹೇಳಿ ಮುಗಿಸೋಣ ಅಂದ್ಕೊಂಡೆ, ಆಗಲಿಲ್ಲ. ಜೋಳ ನೆನೆದದ್ದಕ್ಕಿಂತ ದೊಡ್ಡ ತಪ್ಪು ಇದೇ. ಆದರೆ ಜೋಳ ನೆನೆಯದಿದ್ರೆ ನಾನು ಇದನ್ನ ಯಾರಿಗೂ ಹೇಳ್ತಿರಲಿಲ್ಲ.

ಆ ಭಾನುವಾರ ಆಗಿ ಮೂರನೇ ರಾತ್ರಿ. ಡಿಸೆಂಬರ್ ಚಳಿ. ಪಕ್ಕದ ಹೊಲದ ಅಣ್ಣನ ಕಣ ನಮ್ಮ ಬದುವಿನಿಂದ ಕೆಳಗೆ ಇದೆ. ಅವರು ಮೆಕ್ಕೆಜೋಳ ಬಿಡಿಸಿ ಒಣಗೋಕೆ ಹರವಿ, ರಾತ್ರಿ ತಾಡಪಾಲು ಮುಚ್ಚಿ, ಪಕ್ಕದಲ್ಲೇ ಮಲಗ್ತಿದ್ರು. ನನ್ನ ಡಬ್ಬೀಲಿ ಅವತ್ತು 'ಬಂಗಾರದ ಮನುಷ್ಯ'. 1972ರ ಸಿನಿಮಾ, ನಮ್ಮಪ್ಪ ಗಾಡಿ ಕಟ್ಕೊಂಡು ಹೋಗಿ ನೋಡಿದ್ದರಂತೆ. ಹಿಂದಿನ ರಾತ್ರಿ ಅರ್ಧ ನೋಡಿ ನಿಲ್ಲಿಸಿದ್ದೆ. ಚಳಿಗೆ ತಲೆಗೆ ಮಫ್ಲರ್, ಒಳಗೆ ಕಿವಿಗೆ ಇಯರ್‌ಫೋನ್.

12 ಗಂಟೆಗೆ ವಾಲ್ವ್ ತಿರುಗಿಸೋಕೆ ಎದ್ದೆ. ಮೇಲಿನ ಭಾಗದ್ದು ಪೂರ್ತಿ ಬಂದ್ ಮಾಡಿದೆ. ಕೆಳಗಿನದ್ದು ಅರ್ಧ ತಿರುಗಿಸಿದೆ, ಬಿಗಿ ಇತ್ತು, ಕೈ ಚಳಿಗೆ ಜೋಮು ಹಿಡಿದಿತ್ತು. ಸಿನಿಮಾ ಬೇರೆ ಒಳ್ಳೇ ಜಾಗದಲ್ಲಿ ನಿಲ್ಲಿಸಿ ಬಂದಿದ್ದೆ. ಇಷ್ಟು ಸಾಕು ಅಂತ ವಾಪಸ್ ಓಡಿದೆ. ಅರ್ಧ ತೆರೆದ ವಾಲ್ವಿನ ಹಿಂದೆ ಒತ್ತಡ ಏರುತ್ತೆ ಅಂತ ನಿಮ್ಮಲ್ಲಿ ಚಿಕ್ಕ ಹುಡುಗರಿಗೂ ಗೊತ್ತು. ಬದುವಿನ ಹತ್ತಿರ ಮೇನ್ ಲೈನಿನ ಒಂದು ಜಾಯಿಂಟು ಮೊದಲೇ ತೊಟ್ಟಿಕ್ತಿತ್ತು, ಅಂಟು ಹಾಕಬೇಕು ಅಂತ ನಾಳೆ ನಾಡಿದ್ದು ಅಂತ ದೂಡ್ತಿದ್ದೆ. ಅದು ಕಿತ್ಕೊಂಡಿತು.

ಕಿವಿ ಖಾಲಿ ಇದ್ದಿದ್ರೆ ನನಗೆ ಆ ಕ್ಷಣವೇ ತಿಳೀತಿತ್ತು. ಇಪ್ಪತ್ತು ವರ್ಷದಿಂದ ಆ ಬೋರ್ ನೋಡ್ತಿದೀನಿ. ನೀರು ತೋಟಕ್ಕೆ ಹೋಗೋವಾಗ ಪೈಪಿನ ಸದ್ದು ಬೇರೆ, ಎಲ್ಲೋ ಹೊರಗೆ ಬೀಳೋವಾಗ ಬೇರೆ. ನಿದ್ದೆ ಮಂಪರಲ್ಲೂ ಆ ಸದ್ದು ಬದಲಾದ್ರೆ ಎಚ್ಚರ ಆಗುತ್ತೆ. ನಿಮಗೂ ಹಂಗೇ. ನಾವು ರಾತ್ರಿ ಪಂಪ್ ಕಾಯೋದು ಕಣ್ಣಲ್ಲಲ್ಲ, ಕಿವೀಲಿ. ಹಿಂದೆ ಪಂಪ್‌ಹೌಸಲ್ಲಿ ರೇಡಿಯೋ ಹಾಕ್ಕೊಂಡ್ರೂ, ಫೋನಿನಲ್ಲಿ ಹಾಡು ಹಾಕ್ಕೊಂಡ್ರೂ, ಅದರ ಹಿಂದೆ ಪೈಪಿನ ಸದ್ದು ಕೇಳ್ತಾನೇ ಇರ್ತಿತ್ತು. ಅವತ್ತು ಎರಡೂ ಕಿವಿಗೆ ಬೂಚು ಹಾಕಿದ್ದೆ. ಪರದೆ ಮೇಲೆ ರಾಜಣ್ಣ ಒಕ್ಕಲುತನ ಮಾಡ್ತಿದ್ರು, ನನ್ನ ಒಕ್ಕಲುತನ ಪಕ್ಕದ ಕಣಕ್ಕೆ ಹರೀತಿತ್ತು.

ಅಣ್ಣನಿಗೆ ಎಚ್ಚರ ಆಗಿದ್ದು ಅವರ ಹಾಸಿಗೆ ಒದ್ದೆ ಆದಾಗ. ಎದ್ದು ಕೂಗಿದ್ರಂತೆ. ನನಗೆ ಕೇಳಿಸಲಿಲ್ಲ. ಫೋನ್ ಮಾಡಿದ್ರಂತೆ. ಫೋನು ಹಾಟ್‌ಸ್ಪಾಟ್ ಹಾಕಿ ಸೈಲೆಂಟಲ್ಲಿ ಕಿಟಕಿ ಮೇಲಿತ್ತು, ಸಿಗ್ನಲ್ ಅಲ್ಲೇ ಚೆನ್ನಾಗಿ ಸಿಗೋದು. ಕೊನೆಗೆ ಬದು ಹತ್ತಿ ಬಂದು, ಬಾಗಿಲಲ್ಲಿ ನಿಂತು ಬ್ಯಾಟರಿ ಬೆಳಕನ್ನ ನನ್ನ ಮುಖಕ್ಕೆ ಬಿಟ್ರು. ನಾನು ಇಯರ್‌ಫೋನ್ ತೆಗೆದೆ. ಅವರು ಬೈಲಿಲ್ಲ. "ಮೋಟ್ರು ಬಂದ್ ಮಾಡೋ" ಅಂದ್ರು. ಅವರ ಪಂಚೆ ಮೊಣಕಾಲಿನವರೆಗೂ ಕೆಸರಾಗಿತ್ತು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದ್ರು, ಮತ್ತೇನೂ ಅನ್ನಲಿಲ್ಲ.

ಮುಕ್ಕಾಲು ತಾಸು ನೀರು ಹರಿದಿತ್ತು. ತಾಡಪಾಲು ಮೇಲಿನಿಂದ ಬರೋ ಮಂಜು ತಡೀತದೆ, ಕೆಳಗಿಂದ ಬರೋ ನೀರು ತಡೆಯಲ್ಲ. ಎಂಟು ಕ್ವಿಂಟಾಲ್ ಹತ್ತಿರ ಜೋಳ ತಳದಲ್ಲಿ ನೆನೆದಿತ್ತು. ಮಾರೋಕೆ ತೇವಾಂಶ 14ರೊಳಗೆ ಇರಬೇಕು, ಅವರದ್ದು ಇನ್ನೆರಡು ಬಿಸಿಲಿಗೆ ಆಗ್ತಿತ್ತು. ರಾತ್ರಿನೇ ನಾವಿಬ್ಬರೂ ಗುದ್ದಲಿ ಪುಟ್ಟಿ ತಗೊಂಡು ಒದ್ದೆ ಜೋಳ ಬೇರೆ ಮಾಡಿದ್ವಿ. ಬೆಳಗಾಗೋ ಹೊತ್ತಿಗೆ ನನ್ನ ಹೆಂಡತಿ, ಮಗ ಇಬ್ಬರೂ ಬಂದ್ರು. ಮಗ ಶಾಲೆಗೆ ಹೋಗೋವರೆಗೂ ಪುಟ್ಟಿ ಹೊತ್ತ.

ಐದು ಕ್ವಿಂಟಾಲ್ ತೆಳ್ಳಗೆ ಹರವಿ, ತಾಸಿಗೊಮ್ಮೆ ಕೈಯಾಡಿಸಿ ಉಳಿಸಿಕೊಂಡ್ವಿ. ಮೂರು ಕ್ವಿಂಟಾಲ್ ಬೂಷ್ಟು ಬಂತು. ಬೂಷ್ಟು ಹಿಡಿದ ಜೋಳನ ದನಕ್ಕಾಗಲಿ ಕೋಳಿಗಾಗಲಿ ಹಾಕೋ ಹಂಗಿಲ್ಲ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಕಟ್ಟುತ್ತೆ. ಕೆಲವರು ಒಳ್ಳೇದರ ಜೊತೆ ಬೆರೆಸಿ ಹಾಕಿಬಿಡ್ತಾರೆ, ದಯವಿಟ್ಟು ಮಾಡಬೇಡ್ರಿ. ಮೂರು ಕ್ವಿಂಟಾಲಿಗೆ ಬೆಂಬಲ ಬೆಲೆ 2,400ರ ಲೆಕ್ಕದಲ್ಲಿ 7,200 ರೂಪಾಯಿ ತಗೊಂಡು ಅಣ್ಣನ ಮನೆಗೆ ಹೋದೆ. ಪೇಟೆಯಲ್ಲಿ ಅಷ್ಟು ಎಲ್ಲಿ ಸಿಗುತ್ತೆ, ಇಷ್ಟೊಂದು ಬೇಡ ಅಂದ್ರು. ಸರ್ಕಾರ ಹೇಳಿದ ಬೆಲೆ ಒಬ್ಬರಾದ್ರೂ ಕೊಟ್ರು ಅಂತಾಗಲಿ ತಗೊಳ್ಳಿ ಅಂದೆ. ನಕ್ಕು ತಗೊಂಡ್ರು. ಆ ನಗು ಬರೋವರೆಗೂ ನನ್ನ ಎದೆ ನನ್ನದಾಗಿರಲಿಲ್ಲ. ಬದುವಿನ ನೆರೆಹೊರೆ ಕೆಟ್ರೆ ಎರಡು ತಲೆಮಾರು ಕೋರ್ಟು ಅಲೀಬೇಕು, ಅಂಥವರನ್ನ ನೋಡಿದೀನಿ.

ಮಾರನೇ ದಿನ ಸಂಜೆ ಮಗನನ್ನ ಪಕ್ಕದಲ್ಲಿ ಕೂರಿಸ್ಕೊಂಡು ತಮ್ಮನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದೆ. "ನಿನ್ನ ಫೋನಿಗೆ ಬಂದ ಲೆಕ್ಕ ನಂದು. ಹುಡುಗ ನವೆಂಬರಿಂದ ಅದನ್ನ ಮುಟ್ಟಿಲ್ಲ. ಅವತ್ತು ನಾನು ಹೇಳಲಿಲ್ಲ" ಅಂದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. ಮಗನಿಗೂ ಬರಲಿಲ್ಲ. ಅವನು ನೆಲ ನೋಡ್ತಾ "ಗೊತ್ತಿತ್ತು ಬಿಡಪ್ಪ" ಅಂದ. ಏನು ಗೊತ್ತಿತ್ತು ಅಂತ ನಾನು ಕೇಳಲಿಲ್ಲ.

ಪರೀಕ್ಷೆ ಮುಗಿಯೋವರೆಗೂ ಡಬ್ಬಿ ಬೀರುವಿಗೆ ಇಡೋಣ, ಇಬ್ಬರಿಗೂ ಬೇಡ ಅಂದೆ. ಮಗ ಒಪ್ಪಲಿಲ್ಲ. "ಅದೇ ಆ್ಯಪ್ ನಮ್ಮ ಫೋನಿಗೆ ಹಾಕ್ಕೊಳ್ಳೋಣ. ಪಿನ್ ಅಮ್ಮನ ಹತ್ರ ಇರಲಿ" ಅಂದ. ತಮ್ಮ ಅಲ್ಲಿಂದ ಅವನ ಫೋನಿಂದ ಬಿಡಿಸಿಕೊಟ್ಟ, ಮಗ ಇಲ್ಲಿ ನನ್ನ ಹೆಂಡತಿಯ ಫೋನಿಗೆ ಕೂಡಿಸಿದ. ನಮ್ಮಿಬ್ಬರನ್ನೂ ಆಚೆ ತಿರುಗಿ ನಿಲ್ಲೋಕೆ ಹೇಳಿ ಅವಳು ಪಿನ್ ಒತ್ತಿದಳು. ವಾರದ ದಿನ ಒಂದು ತಾಸು, ಭಾನುವಾರ ಎರಡು ತಾಸು. ಹೊತ್ತು ಮೀರಿದ್ರೆ ಪರದೆ ಮೇಲೆ ಎಚ್ಚರಿಕೆ ಬರುತ್ತೆ, ಬೇಕಂದ್ರೆ ತಾನೇ ನಿಲ್ಲೋ ಹಂಗೂ ಮಾಡಬಹುದು. ನಿಲ್ಲೋ ಹಂಗೇ ಮಾಡಿದ್ವಿ.

ಇದರಲ್ಲಿ ಒಂದು ವಿಶೇಷ ಇದೆ. ಆ ಒಂದು ತಾಸು ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ, ಇಡೀ ಯಂತ್ರಕ್ಕೆ ಒಂದೇ. ನಾನು ಅರ್ಧ ತಾಸು ಸಿನಿಮಾ ನೋಡಿದ್ರೆ ಅವನಿಗೆ ಉಳಿಯೋದು ಅರ್ಧ ತಾಸು. ಮೊದಲ ವಾರ ಇದಕ್ಕೇ ಜಗಳ ಆಯ್ತು. ಆಮೇಲೆ ಅವನೇ ಲೆಕ್ಕ ಹಾಕಿದ. ಇಬ್ಬರೂ ಜೊತೆಗೆ ನೋಡಿದ್ರೆ ಇಬ್ಬರಿಗೂ ಪೂರ್ತಿ ಒಂದು ತಾಸು. ಗಣಿತದಲ್ಲಿ ಕಮ್ಮಿ ತೆಗೆದ ಹುಡುಗ ಇದನ್ನ ಹೇಳಿದ ಅಂತ ನನ್ನ ಹೆಂಡತಿ ಇವತ್ತಿಗೂ ಆಡ್ಕೋತಾಳೆ. ಈಗ ರಾತ್ರಿ ಊಟ ಆದ್ಮೇಲೆ ಡಬ್ಬೀನ ಅಕ್ಕಿ ಡಬ್ಬದ ಮೇಲೆ ನಿಲ್ಲಿಸಿ ಕೂರ್ತೀವಿ. ಒಂದಿನ ಅವನದ್ದು, ಒಂದಿನ ನಂದು. ಕ್ರಿಕೆಟ್ ನನಗೆ ಅರ್ಥ ಆಗಲ್ಲ. ಲೇತ್ ಮಿಷನ್ ಅವನಿಗೆ ಇಷ್ಟ ಇಲ್ಲ. ಕೂರ್ತೀವಿ. ಪಾಠ ಹೇಳೋ ವಿಡಿಯೋ ಒಂದೆರಡು ಅವನೇ ಪಟ್ಟಿಗೆ ಸೇರಿಸಿದಾನೆ, ನಾನು ಸೇರಿಸು ಅಂದಿರಲಿಲ್ಲ. 'ಬಂಗಾರದ ಮನುಷ್ಯ'ದ ಕೊನೆ ಭಾಗ ಅವನ ಜೊತೆ ಕೂತೇ ನೋಡಿದೆ.

ಪಂಪ್‌ಹೌಸಿಗೆ ಡಬ್ಬಿ ಹೋಗಲ್ಲ. ಜಾಯಿಂಟು ಬದಲಾಯಿಸಿದೀನಿ. ವಾಲ್ವಿಗೆ ಗ್ರೀಸ್ ಹಚ್ಚಿದೀನಿ, ಈಗ ಒಂದು ಕೈಲಿ ತಿರುಗುತ್ತೆ. ಹೊಸ ವಾಲ್ವ್ ಪೂರ್ತಿ ತೆರೆದ ಮೇಲೇ ಹಳೇದನ್ನ ಮುಚ್ಚೋದು, ಇದನ್ನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೀನಿ. ಫೋನು ಸೈಲೆಂಟಲ್ಲಿ ಇಡಲ್ಲ. ರಾತ್ರಿ ನೀರು ಬಿಡೋರು ಏನು ಬೇಕಾದ್ರೂ ನೋಡ್ರಿ, ಕೇಳ್ರಿ, ಬೇಡ ಅನ್ನೋಕೆ ನಾನ್ಯಾರು. ಇಯರ್‌ಫೋನ್ ಮಾತ್ರ ಮನೇಲೇ ಬಿಟ್ಟು ಹೋಗ್ರಿ.

ಇನ್ನೊಂದು ಮಾತು. ಈ ಬರಹ ಓದಿದವರು ಚಹಾದಂಗಡೀಲಿ ಆ ಕಥೆ ಕೇಳಿದ್ರೆ, ಅದು ಹುಡುಗ ಅಲ್ಲ, ಅವರಪ್ಪ ಅಂತ ಹೇಳಿಬಿಡ್ರಿ. ಅಷ್ಟು ಉಪಕಾರ ಮಾಡ್ರಿ.

ಮುಂದಿನ ವಾರ ಡ್ರಿಪ್ಪಿನ ಉಪ್ಪು. ಖಂಡಿತ.